ಮಾತಿಲ್ಲದ ಇಪ್ಪತ್ತಮೂರು ನಿಮಿಷ

"ಫೋನ್ ಕೊಡ್ರಿ ಇಲ್ಲಿ."

ಮಹಾನಂದಾ ಕೈ ಚಾಚಿ ನಿಂತಿದ್ದಳು. ಸೋಮವಾರ ಸಂಜೆ ಬಾದಾಮಿ ಬಿಟ್ಟ ಪ್ಯಾಸೆಂಜರ್ ಗಾಡಿ ಗುಳೇದಗುಡ್ಡ ರೋಡ್ ಸ್ಟೇಷನ್ ದಾಟಿ ಬಾಗಲಕೋಟೆಯ ಕಡೆ ಕುಲುಕುತ್ತ ಹೊರಟಿತ್ತು. ಕಿಟಕಿಯ ಪಕ್ಕ ಕೂತಿದ್ದ ಗಂಡಸು ತಲೆ ಎತ್ತಿ ನೋಡಿದ. ಫೋನು ಅವನ ಎಡಗಿವಿಯಲ್ಲೇ ಇತ್ತು.

"ನನಗೇನ್ರಿ?"

"ನಿಮಗ. ಆರು ದಿನದಿಂದ ನೋಡಾಕತ್ತೇನಿ. ಫೋನ್ ಕಿವಿಗೆ ಹಚ್ಚಿರ್ತೀರಿ, ಬಾಯಿಂದ ಒಂದ್ ಅಕ್ಷರ ಬರಂಗಿಲ್ಲ. ಕ್ಯಾಮೆರಾ ಮಾತ್ರ ಸೀದಾ ನಮ್ಮ ಸೀಟಿನ ಕಡೆ. ಫೋನ್ಯಾಗ ಮಾತಾಡೋ ರೀತಿ ಏನ್ರಿ ಇದು?"

ತೂಕಡಿಸುತ್ತಿದ್ದ ಡಬ್ಬಿಯೆಲ್ಲ ಎಚ್ಚರವಾಯಿತು. ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಇವಳು ಫೋನು ಕಸಿದುಕೊಂಡಾಗಿತ್ತು. ಕಿವಿಗೆ ಹಿಡಿದು ನೋಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಸಿಟ್ಟಿನಲ್ಲಿದ್ದವರು ಕಿವಿಗೆ ಕೆಲಸ ಕೊಡುವುದುಂಟೇ? ಕೆಂಪು ಗುಂಡಿ ಒತ್ತಿದಳು, ಫೋಟೋಗಳನ್ನು ತೆರೆದಳು.

ಇದ್ದದ್ದು ಒಂದೇ ಒಂದು. ಮಡಿಸಿಟ್ಟ ಯಾವುದೋ ಸೀರೆಯ ಸೆರಗು, ಅದೂ ಮಸುಕು.

ಅವಳ ಮುಖ ಬಿಸಿಯಾಯಿತು. ಮತ್ತೆ ಮತ್ತೆ ಗುಂಡಿ ಒತ್ತಿದಳು. ಏನೂ ಇಲ್ಲ... ಅವಳ ಫೋಟೋ ಇಲ್ಲ, ಯಾವ ಹೆಣ್ಣುಮಗಳ ಫೋಟೋನೂ ಇಲ್ಲ.

"ಆತೇನ್ರಿ?" ಎಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಫೋನು ತೆಗೆದುಕೊಂಡು, ಚೀಲ ಹೆಗಲಿಗೇರಿಸಿ, ಮುಂದಿನ ಡಬ್ಬಿಗೆ ನಡೆದುಬಿಟ್ಟ.

ಮಹಾನಂದಾ ಸೀಟಿಗೆ ಕುಸಿದಳು. ಪಕ್ಕದಲ್ಲಿದ್ದ ಲೀಲಾಬಾಯಿ ಟೀಚರ್ ಕಿವಿಯಲ್ಲಿ ಪಿಸುಗುಟ್ಟಿದರು. "ಛಲೋ ಮಾಡಿದಿ ಬಿಡು. ಅಳಿಸಿರಬೇಕು ಮೊದಲ."

ಆದರೆ ಕಾಲ್ ಕಟ್ ಮಾಡುವಾಗ ಸ್ಕ್ರೀನಿನ ಮೇಲೆ ಕಂಡದ್ದು ಮಹಾನಂದಾಳ ಕಣ್ಣಿನಿಂದ ಹೋಗಲೇ ಇಲ್ಲ. ಮೇಲೆ ಹೆಸರು, 'ಅಪ್ಪ'. ಕೆಳಗೆ ಇಪ್ಪತ್ತಮೂರು ನಿಮಿಷ.

ಇಪ್ಪತ್ತಮೂರು ನಿಮಿಷ, ಅದೂ ಅಪ್ಪನ ಜೊತೆ. ಒಂದು ಮಾತಿಲ್ಲದೆ?

* * *

ಅವಳದೇ ತಪ್ಪು ಎಂದು ಈಗಲೇ ತೀರ್ಪು ಕೊಡಬೇಡಿ. ಅದು ಎರಡು ಸಾವಿರದ ಏಳನೇ ಇಸವಿ. ಫೋನು ಎಲ್ಲರ ಕಿಸೆಗೂ ಬಂದಿತ್ತು, ಅದನ್ನು ಹೇಗೆ ಬಳಸಬೇಕೆಂಬುದು ಮಾತ್ರ ಯಾರಿಗೂ ಬಂದಿರಲಿಲ್ಲ. ಹಿಂದಿನ ತಿಂಗಳು ಇದೇ ಗಾಡಿಯಲ್ಲಿ ನಿದ್ದೆಹೋದ ನರ್ಸ್ ಒಬ್ಬಳ ಫೋಟೋ ಯಾರೋ ತೆಗೆದು, ಅದು ಹತ್ತು ಫೋನಿಗೆ ಹರಡಿ, ಪಾಪ ಆ ಹುಡುಗಿ ಗಾಡಿಯನ್ನೇ ಬಿಟ್ಟಿದ್ದಳು.

ಆಮೇಲೆ ಈ ಡಬ್ಬಿಗೊಂದು ಕಾಯಿದೆ ಬಂತು. ಮಾಡಿದವರು ಬಾದಾಮಿ ಕೋರ್ಟಿನ ಹಳೆಯ ಗುಮಾಸ್ತ ಮುರ್ತುಜಸಾಬ. ಯಾರ ಕಡೆಗೂ ಕ್ಯಾಮೆರಾ ತಿರುಗಿಸುವಂತಿಲ್ಲ. ಗುಳೇದಗುಡ್ಡ ರೋಡ್ ದಾಟಿದರೆ ಫೋನಿನ ಗಂಟೆ ಬಂದ್. ಮಾತಾಡುವುದಿದ್ದರೆ ಮೆಲ್ಲಗೆ, ಇಲ್ಲವಾದರೆ ಬಾಗಿಲ ಹತ್ತಿರ. ದಿನವಿಡೀ ದುಡಿದು ಬಂದವರು ಅಲ್ಲಿಂದ ಬಾಗಲಕೋಟೆಯವರೆಗೆ ಕಣ್ಣು ಮುಚ್ಚಲಿ ಎಂಬುದಷ್ಟೇ ಅವರ ಉದ್ದೇಶ.

ಮಹಾನಂದಾಳಿಗೂ ಆ ನಿದ್ದೆ ಬೇಕಿತ್ತು. ಚೊಳಚಗುಡ್ಡದ ಹೈಸ್ಕೂಲಿನಲ್ಲಿ ಏಳು ಪಿರಿಯಡ್ಡು ಪಾಠ, ಟೆಂಪೋದಲ್ಲಿ ಜೋತುಬಿದ್ದು ಸ್ಟೇಷನ್ನು, ಗಾಡಿ ಇಳಿದರೆ ವಿದ್ಯಾಗಿರಿಯ ಬಾಡಿಗೆ ಮನೆ. ಮನೆಯಲ್ಲಿ ಕಾಯುವುದು ಒಂದೇ ಮಾತು.

ಮದುವೆ.

ವಯಸ್ಸು ಇಪ್ಪತ್ತೊಂಬತ್ತು. ನೋಡಿಹೋದವರು ಐದು ಮಂದಿ. ಐದನೆಯವರು ಹುನಗುಂದದ ಬಟ್ಟೆ ಅಂಗಡಿಯವರು. ಮೊನ್ನೆ ಭಾನುವಾರ ಬಂದು ಹುಡುಗಿ ಒಪ್ಪಿಗೆ ಎಂದಿದ್ದರು. ಮುಂದಿನ ಸೋಮವಾರ ಸಂಜೆಯೊಳಗೆ ಇವರ ಮಾತು ತಿಳಿಸಬೇಕಿತ್ತು.

"ನಿನ್ನ ಮನಸ್ಸಿನ್ಯಾಗ ಏನೈತಿ ಹೇಳಬಾರದೇನ ಮಗಳ?" ಎಂದು ಅವ್ವ ರತ್ನಾಬಾಯಿ ದಿನಾ ಕೇಳುತ್ತಿದ್ದಳು.

ಮನಸ್ಸಿನಲ್ಲಿ ಏನಿತ್ತು? ದಣಿವು. ಎಲ್ಲರೂ ಅವಳೊಂದಿಗೆ ಮಾತಾಡುವವರೇ, ಎಲ್ಲರೂ ಅವಳನ್ನು ಕೇಳುವವರೇ. ಏನೂ ಕೇಳದೆ ಒಂದು ಗಳಿಗೆ ಪಕ್ಕದಲ್ಲಿ ಕೂರುವ ಒಬ್ಬ ಮನುಷ್ಯ ಅವಳಿಗಿರಲಿಲ್ಲ. 'ಹೂಂ ಅಂದುಬಿಟ್ಟರೆ ಮುಗೀತು... ಯಾರಾದರೇನು?' ಎನ್ನುವ ಹಂತಕ್ಕೆ ಅವಳು ಬಂದು ಮುಟ್ಟಿದ್ದಳು.

* * *

ಮಂಗಳವಾರ ಅವನು ಬರಲಿಲ್ಲ. ಬುಧವಾರವೂ ಅವನ ಸೀಟು ಖಾಲಿ. ಮಹಾನಂದಾ ಬಾದಾಮಿಯ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಅವನನ್ನು ಕಂಡಳು. ಫೋನು ಕೈಯಲ್ಲಿತ್ತು, ಕಿವಿಗೆ ಹೋಗಲಿಲ್ಲ. ಅವನು ಹಿಂದಿನ ಡಬ್ಬಿ ಹತ್ತಿದ.

ಅವಳು ಮುರ್ತುಜಸಾಬರ ಎದುರು ಹೋಗಿ ಕೂತಳು.

"ಕಾಕಾ, ಅವರು ಯಾರ್ರಿ?"

"ಶಂಭು ಅಂತ. ಇಳಕಲ್ಲದ ನೇಕಾರ ಮಂದಿ. ಸರ್ವೆ ಆಫೀಸ್‌ನ್ಯಾಗ ನಕ್ಷೆ ತಗೀತಾನ. ಬಾಗಲಕೋಟ್ಯಾಗ ಖೋಲಿ ಮಾಡ್ಯಾನ, ಐತವಾರಕ್ಕೊಮ್ಮಿ ಊರಿಗೆ ಹೋಗಿ ಅಪ್ಪನ್ನ ನೋಡಿ ಬರ್ತಾನ." ಮುದುಕ ಕನ್ನಡಕ ತೆಗೆದು ಒರೆಸಿಕೊಂಡರು. "ಅಪ್ಪಗ ಲಕ್ವಾ ಹೊಡದೈತಿ ಅಕ್ಕೋರ. ವರ್ಷಾತು, ಬಾಯಿಂದ ಮಾತು ಹೊಂಡಂಗಿಲ್ಲ."

"ಮಾತು ಬರಂಗಿಲ್ಲೇನು? ಹಂಗಾದ್ರ ಫೋನ್ಯಾಗ..."

"ಅದನ್ನ ನೀವ ಕೇಳ್ರಿ. ಕಸಗೊಂಡಾವರು ನೀವು."

ಅವರು ಬಿರುಸಾಗಿ ಹೇಳಲಿಲ್ಲ. ಆದರೂ ಆ ಮಾತು ಅವಳಿಗೆ ತಾಗಿತು.

ಗುರುವಾರ ಅವಳು ತಾನೇ ಹಿಂದಿನ ಡಬ್ಬಿ ಹತ್ತಿದಳು. ಶಂಭು ಬಾಗಿಲ ಹತ್ತಿರ ನಿಂತಿದ್ದ. ಇವಳನ್ನು ಕಂಡು ಸರಿದು ದಾರಿ ಬಿಟ್ಟ.

"ನಾ ಒಳಗ ಹೋಗಾಕ ಬಂದಿಲ್ರಿ. ತಪ್ಪಾತು ಅಂತ ಹೇಳಾಕ ಬಂದೇನಿ."

"ಇರ್ಲಿ ಬಿಡ್ರಿ. ಕಾಲ ಹಂಗೈತಿ. ನಿಮ್ಮ ಜಾಗಾದಾಗ ನಾ ಇದ್ರೂ ಹಂಗ ತಿಳೀತಿದ್ದೆ."

ಬೈದಿದ್ದರೆ ಹಗುರವಾಗುತ್ತಿತ್ತು. ಅವನು ಬೈಯಲಿಲ್ಲ.

"ಒಂದ್ ಮಾತು ಕೇಳ್ಲೇನ್ರಿ? ದಿನಾ ಅಷ್ಟೊತ್ತು ಏನ್ ಕೇಳ್ತಿದ್ರಿ?"

ಶಂಭು ಫೋನನ್ನು ಕಿಸೆಗೆ ಹಾಕಿಕೊಂಡ. ಆಮೇಲೆ ಹೇಳಿದ.

"ಮಗ್ಗ."

"ಏನ್ರಿ?"

"ನಮ್ಮ ಅಪ್ಪ ನೇಯೋದು. ಬಲಗೈ ಅರ್ಧ ಬಂದೈತಿ. ದಿನಾ ಸಂಜಿ ಒಂದ್ ತಾಸು ಕುಣಿಮಗ್ಗದಾಗ ಕೂಡ್ತಾನ. ಆ ಹೊತ್ತಿಗೆ ನಮ್ಮ ಸಕ್ರವ್ವ ಅತ್ತಿ ಫೋನ್ ಹಚ್ಚಿ ಮಗ್ಗದ ಕಂಬಕ್ಕ ತೂಗು ಹಾಕ್ತಾಳ. ಎರಡೂ ಸಿಮ್ ಜೋಡಿ ತಗೊಂಡೇವಿ, ಅವೆರಡರ ನಡುವ ಕಾಲ್ ಪುಕ್ಕಟೆ. ಅಂವ ಗಾಡಿ ಸಪ್ಪಳ ಕೇಳ್ತಾನ, ನಾ ಲಾಳಿ ಸಪ್ಪಳ ಕೇಳ್ತೇನಿ. ಏನ್ ಮಾತಾಡ್ಲಿ? ತಿರುಗಿ ಮಾತಾಡಾಕ ಅಂವಗ ಬರಂಗಿಲ್ಲ. ಸಪ್ಪಳ ಬಂದ್ರ ಅಪ್ಪ ಅರಾಮ ಅದಾನ ಅಂತ ನನಗ ಗೊತ್ತಾಗ್ತೈತಿ, ಅಷ್ಟ."

ಮಹಾನಂದಾ ಬಾಗಿಲ ಸರಳು ಹಿಡಿದುಕೊಂಡಳು. ಅವಳೂ ನೇಕಾರರ ಮಗಳೇ. ಅಪ್ಪ ಗೋವಿಂದಪ್ಪ ಹದಿಮೂರು ವರ್ಷದ ಹಿಂದೆ ಮಗ್ಗ ಬಿಚ್ಚಿ ಪವರ್‌ಲೂಮಿನ ಕೆಲಸಕ್ಕೆ ಹೋದವನು. ಅದಕ್ಕೂ ಮೊದಲು, ಹತ್ತನೇ ಇಯತ್ತೆಯವರೆಗೆ, ಆ ಸಪ್ಪಳ ಕೇಳಿಕೊಂಡೇ ಅವಳು ಓದಿದ್ದು, ಆಗೀಗ ಮಗ್ಗಕ್ಕೆ ಕೂತದ್ದೂ ಉಂಟು. ನೇಕಾರರ ಮನೆಯಲ್ಲಿ ಮಗ್ಗದ ಸಪ್ಪಳವೆಂದರೆ ಏನು ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ಈಗ್ಯಾಕ ಕೇಳವಲ್ರಿ?"

"ಅಪ್ಪ ಮಗ್ಗಕ್ಕ ಕೂಡವಲ್ಲ."

"ಯಾವಾಗಿಂದ?"

ಕೇಳಬೇಕಾಗಿಯೇ ಇರಲಿಲ್ಲ... ಸೋಮವಾರದಿಂದ. ಅವಳು ಕೆಂಪು ಗುಂಡಿ ಒತ್ತಿದಾಗಿನಿಂದ.

"ಹಿಂದಿನ ಐತವಾರ ನಾನೂ ಅಪ್ಪನೂ ಜಗಳ ಮಾಡಿದ್ವಿ. ಡಾಕ್ಟರ್ ಬ್ಯಾಡ ಅಂದಾರ, ಸಾಕು ಮಾಡು, ಮಗ್ಗ ಮಾರೂಣು ಅಂದಿದ್ದೆ. ಮರುದಿನಾ ಫೋನ್ ಕಟ್ ಆತು. ಮಗಗ ಸಪ್ಪಳ ಕೇಳಾಕೂ ಬ್ಯಾಸರ ಆಗೇತಿ, ತಾನ ಕಟ್ ಮಾಡ್ಯಾನ ಅಂತ ತಿಳದಾನ ಅಪ್ಪ. ಮಗ್ಗಕ್ಕ ಧೋತರ ಹೊಚ್ಚಿ ಗ್ವಾಡಿ ಕಡೆ ಮಾರಿ ಮಾಡಿ ಮಲಗ್ಯಾನ."

"ನೀವು ಹೇಳಿಲ್ಲೇನ್ರಿ, ನೀವಲ್ಲ ಅಂತ?"

"ಹೇಳೇನಿ. ಫೋನ್ ನಿನ್ನ ಕೈಯಾಗ ಇತ್ತಲ್ಲ ಅಂತ ಕೈಸನ್ನಿ ಮಾಡ್ತಾನಂತ. ಗಾಡ್ಯಾಗ ಯಾರೋ ಅಕ್ಕೋರು ಕಸಗೊಂಡ್ರು ಅಂದ್ರ ಯಾರ್ ನಂಬ್ತಾರ್ರಿ?"

ಅವನು ನಗಲು ನೋಡಿದ, ಆಗಲಿಲ್ಲ. ಆ ಮುಖ ನೋಡಿ ಮಹಾನಂದಾಳಿಗೆ ತಾನೆಂಥ ಕೆಲಸ ಮಾಡಿದೆ ಎಂದು ಅಳು ಬಂತು. ಅವಳು ಅತ್ತಳು ಕೂಡ, ಸೆರಗಿನ ಮರೆಯಲ್ಲಿ.

"ಫೋನ್ ಹಚ್ರಿ," ಎಂದಳು ಕಣ್ಣೊರೆಸಿಕೊಂಡು. "ನಾ ಹೇಳ್ತೇನಿ."

ಅವನು ಹಚ್ಚಿದ. ಗಾಡಿಯ ಗದ್ದಲದಲ್ಲಿ ಒಂದು ಕಿವಿ ಮುಚ್ಚಿಕೊಂಡು ಅವಳು ಹೇಳಿದಳು. "ಕಾಕಾ, ಅವತ್ತ ಕಟ್ ಮಾಡಿದಾಕಿ ನಾ. ನಿಮ್ಮ ಮಗಂದು ತಪ್ಪಿಲ್ಲ."

ಆ ಕಡೆ ಉಸಿರು ಕೇಳಿತು. ಆಮೇಲೆ ಸಕ್ರವ್ವನ ದನಿ. "ಎದ್ದು ಹ್ವಾದ ನೋಡ ತಂಗಿ. ಯಾವದೋ ಹುಡುಗಿ ಕಡಿಂದ ಸುಳ್ಳ ಹೇಳಸಾಕತ್ತಾನ ಅಂತ ತಿಳಕೊಂಡಾನ."

ಮಹಾನಂದಾ ಫೋನು ಹಿಂದಕ್ಕೆ ಕೊಟ್ಟಳು.

"ಐತವಾರ ಎಷ್ಟಕ್ಕ ಹೋಗ್ತೀರಿ ಇಳಕಲ್ಲಕ್ಕ?"

"ಏಳರ ಬಸ್ಸಿಗೆ. ಯಾಕ್ರಿ?"

"ನಾನೂ ಬರ್ತೇನಿ."

* * *

ಮದುವೆಯಾಗದ ಹೆಣ್ಣು ಪರಪುರುಷನ ಊರಿಗೆ ಹೊರಡುವುದು ಸಣ್ಣ ಮಾತಲ್ಲ. ಭಾನುವಾರ ಬೆಳಿಗ್ಗೆ, ಗಾಡಿಯಲ್ಲಿ ಪರಿಚಯವಾದವರೊಬ್ಬರ ಮನೆಗೆ ಹೋಗಿಬರುತ್ತೇನೆ ಎಂದು ಅವ್ವನಿಗೆ ಅರ್ಧ ಸತ್ಯ ಹೇಳಿ ಹೊರಟಳು. ಬಸ್ಸಿನಲ್ಲಿ ಅವಳು ಮುಂದೆ ಹೆಣ್ಣುಮಕ್ಕಳ ಸೀಟಿನಲ್ಲಿ ಕೂತಳು, ಅವನು ಹಿಂದೆ. ಹುನಗುಂದದಲ್ಲಿ ಬಸ್ಸು ನಿಂತಾಗ ಅವನು ಇಳಿದು, ಕಿಟಕಿಯಿಂದ ಅವಳ ಮಡಿಲಿಗೆ ಎರಡು ಪೇರಲಹಣ್ಣು ಹಾಕಿ, ಏನೂ ಹೇಳದೆ ಹೋಗಿ ತನ್ನ ಜಾಗದಲ್ಲಿ ಕೂತ. ಎದುರಿಗೆ ಬಟ್ಟೆ ಅಂಗಡಿಗಳ ಸಾಲಿತ್ತು. ಅದರಲ್ಲಿ ಯಾವುದು ತನ್ನನ್ನು ಒಪ್ಪಿದವರದು ಎಂದು ಹುಡುಕುವ ಮನಸ್ಸೂ ಅವಳಿಗಾಗಲಿಲ್ಲ.

ಇಳಕಲ್ಲಿನ ಮನೆ ಎರಡೇ ಖೋಲಿ. ಮುಂದಿನದರಲ್ಲಿ ಮಗ್ಗ. ಹಿಂದಿನದರ ಬಾಗಿಲ ಬದಿಯ ಮಂಚದಲ್ಲಿ ಮುದುಕ ಗೋಡೆಗೆ ಮುಖ ಮಾಡಿ ಮಲಗಿದ್ದ.

ಮಹಾನಂದಾ ನೆಲದ ಮೇಲೆ ಕೂತಳು.

"ಕಾಕಾ, ಗುರುವಾರ ಫೋನ್ಯಾಗ ಮಾತಾಡಿದಾಕಿ ನಾ. ಸೋಮವಾರ ಫೋನ್ ಕಸಗೊಂಡಾಕಿನೂ ನಾ. ನನ್ನ ಫೋಟೋ ತಗೀತಾರಂತ ತಿಳಿದು ಮಂದ್ಯಾಗ ಇವರ ಮಾನಾ ಕಳದೆ. ನಿಮ್ಮ ಸಪ್ಪಳ ಕೇಳಾಕ ಇವರಿಗೆ ಬ್ಯಾಸರಾಗಿಲ್ರಿ."

ಮುದುಕ ತಿರುಗಲಿಲ್ಲ. ಸಕ್ರವ್ವ ಬಾಗಿಲಲ್ಲಿ ನಿಂತು ತಲೆಯಾಡಿಸಿದಳು. ಶಂಭು ಹೊಸ್ತಿಲ ಮೇಲೆ ಕೂತು ನೆಲ ನೋಡುತ್ತಿದ್ದ.

ಇನ್ನೇನು ಹೇಳುವುದು? ಮಾತು ಮುಗಿದಿತ್ತು. ಮಹಾನಂದಾ ಎದ್ದು ಮುಂದಿನ ಖೋಲಿಗೆ ಹೋದಳು, ಮಗ್ಗದ ಮೇಲಿನ ಧೋತರ ಸರಿಸಿದಳು, ಸೀರೆ ಎತ್ತಿಕಟ್ಟಿ ಮಗ್ಗದ ಕೆಳಗಿನ ಕುಣಿಗೆ ಕಾಲು ಇಳಿಬಿಟ್ಟು ಕೂತುಬಿಟ್ಟಳು.

"ಅಯ್ಯ, ಏನ್ ಮಾಡ್ತೀಯವ್ವಾ!" ಎಂದಳು ಸಕ್ರವ್ವ.

ಲಾಳಿ ಎಸೆದಳು. ಅದು ಹಾಸಿನ ಎಳೆಗಳಿಂದ ಹಾರಿ ನೆಲಕ್ಕೆ ಬಿತ್ತು. ಎತ್ತಿಕೊಂಡು ಮತ್ತೆ ಎಸೆದಳು. ಹದಿಮೂರು ವರ್ಷದಿಂದ ಲಾಳಿ ಮುಟ್ಟದ, ಸೀಮೆಸುಣ್ಣ ಹಿಡಿದ ಕೈಗೆ ಎಲ್ಲ ಮರೆತಿತ್ತು. ಒಂದು ಬಡಿತ ಗಟ್ಟಿ, ಒಂದು ಸಡಿಲ. ಎಳೆಗಳ ನಡುವೆ ಬೆರಳು ತೂರುವಷ್ಟು ಸಂದು. ನಾಲ್ಕು ಎಳೆ ಹೀಗೇ ಬಿತ್ತು.

ಆ ಸಪ್ಪಳ ಕೇಳಿ ಮಂಚ ಕಿರುಗುಟ್ಟಿತು.

ಮುದುಕ ಎದ್ದು ಕೂತಿದ್ದ. ಕೆಟ್ಟ ರಾಗ ಕೇಳಿದ ಸಂಗೀತದ ಮೇಷ್ಟ್ರ ಹಾಗೆ ಮುಖ ಹಿಂಡಿಕೊಂಡಿದ್ದ. ಗಂಟಲಿನಿಂದ ಅದೇನೋ ಸದ್ದು ಬಂತು. ಬಡಿಗೆ ಊರಿ ಕಾಲೆಳೆಯುತ್ತ ಬಂದು, ಅವಳು ಕೂತ ಹಲಗೆಗೆ ಎರಡು ಸಲ ತಟ್ಟಿದ. ಏಳು ಅಲ್ಲಿಂದ!

"ಹಂಗಾದ್ರ ಹೆಂಗ ನೇಯಬೇಕು ತೋರಸ್ರಿ," ಎಂದಳು ಮಹಾನಂದಾ.

ಅವಳು ಎದ್ದ ಜಾಗದಲ್ಲಿ ಅವನು ಕೂತ. ಮೊದಲು ಅವಳು ನೇಯ್ದ ನಾಲ್ಕೂ ಎಳೆಗಳನ್ನು ಒಂದೊಂದಾಗಿ ಬಿಚ್ಚಿ ಹಾಕಿದ. ಆಮೇಲೆ ಅವಳನ್ನು ದಿಟ್ಟಿಸಿ ನೋಡಿದ. ಇಂಥವಳು ಫೋನು ಕಸಿದಿರಬಹುದು ಎಂದು ಈಗ ನಂಬಿಕೆ ಬಂತೋ ಏನೋ. ನೋಟ ಮಗನ ಕಡೆ ಹೋಯಿತು. ಸೊಟ್ಟ ಬಲಗೈಯಿಂದ ಮಗನನ್ನು ಹತ್ತಿರ ಕರೆದು, ಅವನ ತಲೆಯ ಮೇಲೆ ಒಂದು ಗಳಿಗೆ ಕೈ ಇಟ್ಟ.

ಆಮೇಲೆ ಲಾಳಿ ಓಡಿತು.

ಶಂಭು ಅಂಗಳಕ್ಕೆ ಹೋಗಿ ಬೆನ್ನು ತಿರುಗಿಸಿ ನಿಂತ. ಅವನ ಹೆಗಲು ಅಲುಗುತ್ತಿತ್ತು. ಮಹಾನಂದಾ ಹತ್ತಿರ ಹೋದಳು, ಏನೂ ಕೇಳಲಿಲ್ಲ, ಪಕ್ಕದಲ್ಲಿ ನಿಂತಳು. ಅವನ ಅಳು ಮುಗಿಯುವವರೆಗೂ ನಿಂತೇ ಇದ್ದಳು. 'ಇವರ ಪಕ್ಕ ನಿಂತರೆ ನನ್ನ ದಣಿವು ಎಲ್ಲಿ ಹೋಗುತ್ತದೆ?' ಎಂದು ಅವಳಿಗೇ ಆಶ್ಚರ್ಯವಾಯಿತು. ಯಾರಾದರೇನು ಎಂದುಕೊಂಡಿದ್ದಳಲ್ಲ, ಇವನೇ ಆಗಬೇಕು ಎಂದು ಮನಸ್ಸು ಹಟ ಹಿಡಿದು ಕೂತಿತು.

ಆದರೆ ಈ ಗಂಡಸರ ಬುದ್ಧಿಗೆ ಏನೆನ್ನಬೇಕು? ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅವಳು ಹುನಗುಂದದ ವಿಷಯ ಹೇಳಿ ಅವನ ಮುಖ ನೋಡಿದಳು. ಅವನು ಬಸ್ಸಿನ ಬೋರ್ಡು ನೋಡುತ್ತ, "ಛಲೋ ಮಂದಿ ಅಂತ ಕೇಳೇನಿ. ಸುಖವಾಗಿ ಇರ್ತೀರಿ," ಎಂದ.

"ನಿಮಗ ಅಷ್ಟ ಅನಸೇತೇನ್ರಿ?"

"ನನಗ ಏನ್ ಅನಸಿದ್ರೇನ್ರಿ? ನಮ್ಮ ಮನ್ಯಾಗ ಏನೈತಿ, ನೋಡೀರಲ್ಲ. ಒಂದ್ ಮಗ್ಗ. ಮಾತಿಲ್ಲದ ಒಬ್ಬ ಅಪ್ಪ."

ಅವಳು ತಿರುಗಿ ನೋಡದೆ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡಳು, ನಿದ್ದೆ ಬರಲಿಲ್ಲ. ಅವನಿಗೆ ತಾನು ನಿಜವಾಗಿ ಬೇಡವೆ? ಅಥವಾ ಬೇಕು ಎನ್ನಲು ಧೈರ್ಯವಿಲ್ಲವೆ? ಅದೊಂದು ತಿಳಿಯದೆ ನಾಳೆ ಅವ್ವನಿಗೆ ಏನು ಹೇಳುವುದು?

* * *

ಸೋಮವಾರ ಸಂಜೆ ಶಂಭು ಹಳೆಯ ಡಬ್ಬಿಗೇ ಬಂದ. ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತ. ಮುರ್ತುಜಸಾಬರು ಮಹಾನಂದಾಳ ಪಕ್ಕದಿಂದ ತಮ್ಮ ಚೀಲ ಎತ್ತಿಕೊಂಡರು.

"ಕೂಡ್ರಪಾ ಇಲ್ಲೇ. ಈ ಸಲ ಕಸಗೊಳ್ಳಂಗಿಲ್ಲ ಆಕಿ."

ಅವನು ಕೂತ. ಇಬ್ಬರೂ ಮಾತಾಡಲಿಲ್ಲ. ಗುಳೇದಗುಡ್ಡ ರೋಡ್ ದಾಟಿತು, ಒಬ್ಬೊಬ್ಬರೇ ಕಣ್ಣು ಮುಚ್ಚಿದರು. ಶಂಭುವಿನ ಫೋನು ನಡುಗಿತು. ಅವನು ಕಿವಿಗೆ ಹಿಡಿದ, ಕೇಳಿದ, ಆಮೇಲೆ ಅದನ್ನು ಅವಳಿಗೆ ಕೊಟ್ಟ.

ಟಕ್... ಟಕಟಕ್. ಟಕ್... ಟಕಟಕ್. ಒಂದು ಕಾಲು ಕುಂಟುವವರ ನಡಿಗೆಯಂತೆ ಇತ್ತು. ಆದರೂ ನಿಲ್ಲದೆ ಬರುತ್ತಿತ್ತು. ಮಹಾನಂದಾಳ ಕಣ್ಣು ತುಂಬಿದವು. ಫೋನು ಅವನ ಕೈಗೆ ಹಿಂದಿರುಗಿಸಿದಳು.

ಅಷ್ಟರಲ್ಲಿ ಅವಳ ಚೀಲದಲ್ಲಿ ಫೋನು ಬಡಿದುಕೊಂಡಿತು. ಗಂಟೆ ಬಂದ್ ಮಾಡಲು ಮರೆತಿದ್ದಳು. ಅವ್ವ.

"ಹುನಗುಂದದವರು ಫೋನ್ ಹಚ್ಯಾರ ಮಹಾನಂದಾ, ಏನ್ ಹೇಳ್ಲಿ? ಹೂಂ ಅನ್ಲೇನು?"

"ಬ್ಯಾಡಂತ ಹೇಳವ್ವಾ," ಎಂದಳು ಮೆಲ್ಲಗೆ.

"ಏನಂದಿ? ಕೇಳವಲ್ದು. ಜೋರ ಹೇಳು."

ಸುತ್ತ ಕಣ್ಣು ತೆರೆಯತೊಡಗಿದವು. ಬಾಗಿಲ ಕಡೆ ಹೋಗಬೇಕಿತ್ತು. ಕಾಲು ಏಳಲಿಲ್ಲ. ಇಷ್ಟು ವರ್ಷ ಎಲ್ಲರಿಗೂ ಮೆಲ್ಲಗೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿತ್ತು ಅವಳಿಗೆ.

"ಬ್ಯಾಡ ಅಂತ ಹೇಳು. ಇಳಕಲ್ಲದ ಶಂಭು ಅಂತ ಅದಾರ, ಅವರನ್ನ ನಾ ಮೆಚ್ಚೇನಿ. ಮದ್ವಿ ಆದ್ರ ಅವರನ್ನ ಆಗ್ತೇನಿ."

ಆ ಕಡೆ ರತ್ನಾಬಾಯಿ ಸಣ್ಣ ದನಿಯಲ್ಲಿ ಕೇಳಿದಳು.

"ಅವರೇನಂದಾರ?"

"ಇನ್ನಾ ಕೇಳಿಲ್ಲ."

"ಅಯ್ಯ ನನ್ನ ಶಿವನ... ಮೊದಲ ಮನಿಗೆ ಬಾ. ಹುನಗುಂದದವರಿಗೆ ನಾ ಏನರ ಹೇಳ್ತೇನಿ." ಫೋನು ಕಟ್ ಆಯಿತು. ಅವ್ವ ಬೈಯಲಿಲ್ಲ ಎಂಬುದು ಮಹಾನಂದಾಳಿಗೆ ಆಮೇಲೆ ಹೊಳೆಯಿತು.

ಲೀಲಾಬಾಯಿ ಟೀಚರ್ ಬಾಯಿಗೆ ಸೆರಗು ಒತ್ತಿಕೊಂಡಿದ್ದರು.

"ಅಕ್ಕೋರ, ಕಾಯ್ದೆ ಮುರದ್ರಿ," ಎಂದರು ಮುರ್ತುಜಸಾಬ ಕಣ್ಣು ತೆರೆಯದೆ.

"ತಪ್ಪಾತ್ರಿ ಕಾಕಾ."

"ಇರ್ಲಿ. ಇಂಥಾದ್ದು ಬಾಗಲದಾಗ ನಿಂತು ಹೇಳಾಕ ಬರಂಗಿಲ್ಲ."

ಮಹಾನಂದಾ ಪಕ್ಕಕ್ಕೆ ತಿರುಗುವ ಧೈರ್ಯ ಮಾಡಿದಳು. ಶಂಭು ಫೋನನ್ನು ಕಿವಿಗೆ ಒತ್ತಿ ಹಿಡಿದು, ಅವಳನ್ನೇ ನೋಡುತ್ತ ಕೂತಿದ್ದ. ಅವನ ಕಣ್ಣು ಒದ್ದೆಯಾಗಿದ್ದವು.

"ಅಪ್ಪ ಮಗ್ಗ ನಿಲ್ಲಿಸ್ಯಾನ," ಎಂದ.

"ಯಾಕ್ರಿ? ಮತ್ತ ನನ್ನಿಂದ ಏನರ..."

"ಇಲ್ರಿ. ಕೇಳಾಕತ್ತಾನ." ಅವನು ಫೋನನ್ನು ಅವಳ ಮುಂದೆ ಹಿಡಿದ. "ಗಾಡಿ ಸಪ್ಪಳದಾಗ ಅಂವಗ ಅರ್ಧ ಕೇಳಿರ್ತೈತಿ. ಇನ್ನೊಮ್ಮಿ ಹೇಳ್ರಿ."

"ನಿಮಗ?"

"ನನಗ ಪೂರಾ ಕೇಳೇತಿ. ನಿನ್ನಿ ಹಂಗ ಅಂದ ಮ್ಯಾಲೆ ರಾತ್ರಿಯೆಲ್ಲಾ ನನ್ನ ನಾ ಬೈಕೊಂಡೇನಿ... ಹೇಳ್ರಿ."

ಅವಳು ಫೋನು ತೆಗೆದುಕೊಂಡಳು. ಈ ಸಲ ಕಾಯಿದೆಯ ಪ್ರಕಾರ, ಮೆಲ್ಲಗೆ ಹೇಳಿದಳು.

"ಕಾಕಾ, ನಿಮ್ಮ ಮಗನ್ನ ಮದ್ವಿ ಆಗಬೇಕಂತ ಮಾಡೇನಿ. ಅವರು ಹೂಂ ಅಂದ್ರ."

ಶಂಭು ಅವಳ ಕಡೆ ಬಾಗಿ, ಅದೇ ಫೋನಿಗೆ ಬಾಯಿ ಹಚ್ಚಿದ.

"ಹೂಂ, ಅಪ್ಪಾ."